ಅರವತ್ತು ಮೊಟ್ಟೆ, ಎರಡು ಬ್ಯಾಟರಿ

ಕರೆಂಟು ಕಂಬಗಳು ಆ ಮನೆಗೆ ಇನ್ನೂ ಆರುನೂರು ಮೀಟರ್ ಇರುವಾಗಲೇ ನಿಂತುಬಿಟ್ಟಿದ್ದವು. ಮುಂದಿನ ಕಂಬ ಯಾವಾಗ ನೆಡುತ್ತೀರಿ ಎಂದು ಕೇಳಲು ಹೋದಾಗಲೆಲ್ಲ ಆಫೀಸಿನವರು ‘ಮೇಲಕ್ಕೆ ಬರೆದಿದ್ದೀವಿ’ ಎನ್ನುತ್ತಿದ್ದರು. ಆ ಮೇಲೆ ಎನ್ನುವುದು ಯಾವ ಮಹಡಿಯಲ್ಲಿದೆಯೋ ದೇವರಿಗೇ ಗೊತ್ತು. ಇತ್ತ ಹೊಸ ಮನೆ ಕಟ್ಟಿ ಮುಗಿದಿತ್ತು, ಗೋಡೆಗೆ ಸುಣ್ಣವೂ ಆಗಿತ್ತು, ಬಾಡಿಗೆ ಮನೆಯ ಮಾಲೀಕ ತಿಂಗಳ ಕೊನೆಗೆ ಖಾಲಿ ಮಾಡಿ ಎಂದು ಗಡುವು ಕೊಟ್ಟಿದ್ದ. ಹೀಗಿರುವಾಗ ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಮನೆಯ ಯಜಮಾನರು ಕನ್ನಡಕ ಏರಿಸಿಕೊಂಡು, ಗೆರೆ ಹಾಕಿದ ನೋಟ್‌ಬುಕ್ ತೆರೆದು, "ಅವರ ಕಂಬ ಯಾರಿಗೆ ಬೇಕು? ಸೋಲಾರ್ ಹಾಕಿಸಿ ನಮ್ಮ ಕರೆಂಟು ನಾವೇ ಮಾಡ್ಕೊಳ್ಳೋಣ" ಎಂದರು.

ಯಜಮಾನರು ಮೂವತ್ತೆರಡು ವರ್ಷ ಲಾರಿ ತೂಗುವ ವೇ ಬ್ರಿಡ್ಜಿನಲ್ಲಿ ಗುಮಾಸ್ತರಾಗಿದ್ದವರು. ತುಂಬಿದ ಲಾರಿ ಬಂದರೆ ತೂಕ ಬರೆಯುವುದು, ಅದೇ ಲಾರಿ ಖಾಲಿಯಾಗಿ ಬಂದರೆ ಮತ್ತೆ ಬರೆಯುವುದು, ಒಂದರಿಂದ ಇನ್ನೊಂದನ್ನು ಕಳೆದು ಚೀಟಿ ಹರಿದು ಕೊಡುವುದು. ಅಷ್ಟು ವರ್ಷದಲ್ಲಿ ಒಂದು ಚೀಟಿಯೂ ತಪ್ಪಿಲ್ಲ ಎನ್ನುವುದು ಅವರ ಹೆಮ್ಮೆ. ಹೆಮ್ಮೆಯೆಂದರೆ ಅಂತಿಂಥದ್ದಲ್ಲ. ನಿವೃತ್ತರಾಗಿ ಮೂರು ವರ್ಷವಾದರೂ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಗರಿಗರಿ ಇಸ್ತ್ರಿಯ ಬಿಳಿ ಶರ್ಟು ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ಎಲ್ಲಿಗೂ ಹೋಗುವುದಿಲ್ಲದಿದ್ದರೂ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

"ಒಬ್ಬೊಬ್ಬರಾಗಿ ಹೇಳಿ" ಎಂದರು ಈಗ. "ಯಾರು ಏನು ಹಾಕ್ತೀರಿ, ಎಷ್ಟು ಹೊತ್ತು ಹಾಕ್ತೀರಿ. ಮುಚ್ಚುಮರೆ ಬೇಡ."

"ಇದೇನು ತಾತ, ಪೊಲೀಸ್ ಸ್ಟೇಷನ್ನಾ?" ಎಂದಳು ಮೊಮ್ಮಗಳು. ಕಾಲೇಜಿಗೆ ಸೇರಿ ಆರು ತಿಂಗಳಾಗಿತ್ತು, ನಾಲಿಗೆ ಆಗಲೇ ಡಿಗ್ರಿ ಮುಗಿಸಿತ್ತು.

"ಲೆಕ್ಕ ಕಣೇ, ಲೆಕ್ಕ. ಹತ್ತು ವ್ಯಾಟಿನ ಬಲ್ಬು ನಾಲ್ಕು ಗಂಟೆ ಉರಿದರೆ ನಲವತ್ತು. ವ್ಯಾಟನ್ನ ಗಂಟೆಯಿಂದ ಗುಣಿಸೋದು, ಎಲ್ಲದನ್ನೂ ಕೂಡಿಸೋದು, ಅಷ್ಟು ಕೊಡೋ ಬ್ಯಾಟರಿ ತರೋದು. ಹೂವು ಎತ್ತಿದಷ್ಟು ಸುಲಭ. ಹಗಲು ಬಿಸಿಲು ನೋಡ್ಕೊಳ್ಳುತ್ತೆ. ಸಂಜೆ ಆರರಿಂದ ಬೆಳಿಗ್ಗೆ ಎಂಟರವರೆಗೆ ಹದಿನಾಲ್ಕು ಗಂಟೆ ನಾವು ನೋಡ್ಕೋಬೇಕು. ಹ್ಞೂಂ, ಶುರು ಮಾಡಿ."

ಮೊದಲು ಬರೆದದ್ದು ಸೊಸೆಯ ಕಾವು ಪೆಟ್ಟಿಗೆ. ಅದಕ್ಕಾಗಿಯೇ ಇಷ್ಟೆಲ್ಲ ರಾಮಾಯಣ. ಸೊಸೆ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದಳು. ಬೆಳಗಿನ ಐದಕ್ಕೆ ವ್ಯಾನು ಹತ್ತಿದರೆ ಮಧ್ಯಾಹ್ನ ಎರಡಕ್ಕೆ ಮನೆ. ಇನ್ನೆರಡು ತಿಂಗಳಿಗೆ ಎಲ್ಲ ಹೆಂಗಸರೂ ರಾತ್ರಿ ಪಾಳಿಗೆ ಬರಬೇಕು, ಇಲ್ಲದಿದ್ದರೆ ಬರಬೇಕಾಗಿಲ್ಲ ಎಂದು ಮ್ಯಾನೇಜರು ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದ. ಅಷ್ಟರಲ್ಲಿ ಅವಳಿಗೆ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಪೆಟ್ಟಿಗೆಯೊಂದು ಹಳೆಯದು ಸಿಕ್ಕಿತು. ಅರವತ್ತು ಮೊಟ್ಟೆ ಹಿಡಿಯುವಂಥದ್ದು, ಮುಂದೆ ಗಾಜು, ಒಳಗೆ ಬಿಸಿಗೆ ಬಲ್ಬುಗಳು. ಕೋಳಿ ಆಹಾರದ ಅಂಗಡಿಯವನು ಮರಿ ಕೊಳ್ಳಲು ಒಪ್ಪಿದ್ದ. "ಮೊದಲ ಸಲ ನಲವತ್ತು ಮರಿ ಕೊಡಮ್ಮ. ಕೊಟ್ರೆ ತಿಂಗಳು ತಿಂಗಳು ನಿನ್ನ ಹತ್ರಾನೇ ತಗೋತೀನಿ. ಮೂವತ್ತು, ಮೂವತ್ತೈದಕ್ಕೆಲ್ಲ ಗಾಡಿ ಕಳಿಸೋಕೆ ನನಗೆ ಪೂರೈಸಲ್ಲ" ಎಂದಿದ್ದ. ನಲವತ್ತು ಮರಿ ಎದ್ದರೆ ಕ್ಯಾಂಟೀನಿಗೆ ನಮಸ್ಕಾರ. ಏಳದಿದ್ದರೆ ರಾತ್ರಿ ಪಾಳಿ.

"ಪೆಟ್ಟಿಗೆ ನೂರು ವ್ಯಾಟು ಮಾವ. ಆದ್ರೆ ಬಿಸಿ ಸಾಕಾದಾಗ ತಾನೇ ಆರುತ್ತೆ, ಅರ್ಧ ಹೊತ್ತು ಮಾತ್ರ ಉರಿಯುತ್ತೆ" ಎಂದಳು ಸೊಸೆ.

"ಅಲ್ಲಿಗೆ ಐವತ್ತು. ಹದಿನಾಲ್ಕು ಗಂಟೆಗೆ ಏಳುನೂರು" ಎಂದು ಯಜಮಾನರು ಬರೆದರು.

ಮಗ ಹಾಲಿನ ವ್ಯಾನು ಓಡಿಸುವವನು, ನಾಲ್ಕೂವರೆಗೆ ಹೊರಡಬೇಕು. ಅವನು ಒಂದು ಗಂಟೆ ಟಿವಿ ಬರೆಸಿದ. ಮೊಮ್ಮಗಳು ಫ್ಯಾನು ಬರೆಸಿದಳು. ಬಲ್ಬು ಮೂರು, ಫೋನು ನಾಲ್ಕು. ಯಜಮಾನರು ತಮ್ಮ ಪಾಲಿಗೆ ರೇಡಿಯೋ ಒಂದನ್ನೇ ಬರೆದುಕೊಂಡು, "ನನ್ನದೇನು, ಹತ್ತು ವ್ಯಾಟು. ಸನ್ಯಾಸಿ ಲೆಕ್ಕ" ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. "ನಿನಗೆ?"

"ನನಗೇನ್ರೀ, ಅಡುಗೆಮನೆಗೆ ಒಂದು ಬಲ್ಬು ಸಾಕು. ಆಮೇಲೆ ಬೆಳಿಗ್ಗೆ ಹೊತ್ತು ಆ..."

"ಮಿಕ್ಸಿ ತಾನೆ? ಅದು ಹಗಲಿನ ಲೆಕ್ಕ, ಬಿಡು."

ಅಜ್ಜಿ ತೆರೆದ ಬಾಯಿ ಮುಚ್ಚಿಕೊಂಡು ಸೊಸೆಯ ತಟ್ಟೆಗೆ ಇನ್ನೊಂದು ಸೌಟು ಬೇಳೆ ಬಡಿಸಿದಳು.

ಮಾರನೆಯ ದಿನ ಯಜಮಾನರು ನೋಟ್‌ಬುಕ್ ಹಿಡಿದು ಬ್ಯಾಟರಿ ಅಂಗಡಿಗೆ ಹೋದರು. ಅಂಗಡಿ ನಡೆಸುತ್ತಿದ್ದದ್ದು ಒಬ್ಬ ಗಟ್ಟಿ ಹೆಂಗಸು. ಕೈಯ ಮಸಿ ಒರೆಸಿಕೊಂಡು ಪಟ್ಟಿ ನೋಡಿ, "ಚೆನ್ನಾಗಿ ಬರೆದಿದ್ದೀರಿ ಸರ್. ಇನ್ವರ್ಟರ್ ತಾನೂ ಒಂದಿಷ್ಟು ತಿನ್ನುತ್ತೆ, ಅದನ್ನ ಬರೆದಿಲ್ಲ. ಗಂಟೆಗೆ ಹತ್ತು ಅಂತ ಹಾಕ್ಕೊಳ್ಳಿ" ಎಂದಳು.

"ದಲ್ಲಾಳಿ ಕಮಿಷನ್ನು" ಎಂದರು ಯಜಮಾನರು, ಬರೆದುಕೊಳ್ಳುತ್ತ.

"ಹಾಗೇ ಅನ್ಕೊಳ್ಳಿ. ಎರಡು ಬ್ಯಾಟರಿಗೆ ಮೂರು ಸಾವಿರದ ಆರುನೂರು ಬರುತ್ತೆ. ಆದ್ರೆ ಅರ್ಧ ಮಾತ್ರ ಬಳಸಬೇಕು. ಅದಕ್ಕಿಂತ ಇಳಿಸಿದ್ರೆ ಬ್ಯಾಟರಿ ಬೇಗ ಸಾಯುತ್ತೆ. ಅರ್ಧಕ್ಕೆ ಬಂದ ಕೂಡಲೇ ಪೀಂ ಪೀಂ ಅಂತ ಕೂಗಿ ತಾನೇ ನಿಂತುಬಿಡೋ ಹಾಗೆ ಮಾಡಿಕೊಡ್ತೀನಿ. ಬಿಸಿಲು ಬರೋವರೆಗೂ ಮತ್ತೆ ಏಳಲ್ಲ."

ಬೇರೆಯವರಾಗಿದ್ದರೆ ಇಷ್ಟಕ್ಕೇ ಜಗಳ ತೆಗೆಯುತ್ತಿದ್ದರು. ಯಜಮಾನರ ಮುಖ ಅರಳಿತು. "ಗೊತ್ತಾಯ್ತು ಬಿಡಮ್ಮ. ಖಾಲಿ ಲಾರಿ ತೂಕ! ಅದನ್ನ ಕಳೀಲೇಬೇಕು."

ಬ್ಯಾಟರಿಯಿಂದ ಬಲ್ಬಿಗೆ ಬರುವ ದಾರಿಯಲ್ಲಿ ಸೋರಿಹೋಗುವುದನ್ನೂ ಕಳೆದು ಕೈಗೆ ಉಳಿದದ್ದು ಸಾವಿರದ ಐನೂರ ಮೂವತ್ತು. ಮನೆಗೆ ಬೇಕಾದದ್ದು ಸಾವಿರದ ಇನ್ನೂರ ಎಪ್ಪತ್ತೆಂಟು. ಇನ್ನೂರೈವತ್ತೆರಡು ಮಿಗುತ್ತದೆ.

"ಬಿಸಿ ಮಾಡೋ ಸಾಮಾನು ಏನಾದ್ರೂ ಇದೆಯಾ ಸರ್ ಮನೇಲಿ? ಅವು ಬಕಾಸುರರು" ಎಂದು ಆಕೆ ಕೇಳಿದಳು.

"ಪೆಟ್ಟಿಗೆ ಬಿಟ್ಟರೆ ಒಂದೇ ಒಂದು ಇಲ್ಲ" ಎಂದರು ಯಜಮಾನರು, ಎದೆಯುಬ್ಬಿಸಿ.

ಹೊಸ ಮನೆಗೆ ಹೋಗಿ ಎರಡು ವಾರ ಎಲ್ಲವೂ ಸುಸೂತ್ರ. ಮಾಳಿಗೆಯ ಮೇಲೆ ಬಿಸಿಲಿನ ಹಲಗೆಗಳು, ನಡುಮನೆಯ ಮೂಲೆಯಲ್ಲಿ ಬ್ಯಾಟರಿಗಳು, ಅದರ ಪಕ್ಕದಲ್ಲಿ ಯಜಮಾನರ ಕುರ್ಚಿ. ಬಂದ ನೆಂಟರಿಗೆಲ್ಲ ಖಾಲಿ ಲಾರಿ ತೂಕದ ಪಾಠ ಆಯಿತು. ಹದಿನೈದನೆಯ ದಿನ, ಒಂದು ಭಾನುವಾರ, ಸೊಸೆ ಮೊಟ್ಟೆಗಳನ್ನು ತಂದಳು. ಒಂದೊಂದರ ಮೇಲೂ ಪೆನ್ಸಿಲಿನಿಂದ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಗುಣಿಲೆ ಗುರುತು ಹಾಕಿ, ಉಗ್ರಾಣದ ಪೆಟ್ಟಿಗೆಯಲ್ಲಿ ಜೋಡಿಸಿದಳು. ದಿನಕ್ಕೆ ಮೂರು ಸಲ ತಿರುಗಿಸುವ ಕೆಲಸ ಅಜ್ಜಿಗೆ ಬಂತು.

"ಮೂವತ್ತೇಳೂವರೆ ಡಿಗ್ರಿ ಇರಬೇಕು ಅತ್ತೆ. ಒಂಚೂರು ಹೆಚ್ಚುಕಮ್ಮಿ ಆದ್ರೂ ನನಗೆ ಫೋನ್ ಮಾಡಿ."

"ಮಾಡ್ತೀನಿ ಕಣಮ್ಮ. ನಿನ್ನ ಗಂಡನ್ನೇ ಒಂಬತ್ತು ತಿಂಗಳು ಕಾವಲ್ಲಿ ಇಟ್ಟವಳು ನಾನು. ಇಪ್ಪತ್ತೊಂದು ದಿನ ಯಾವ ಲೆಕ್ಕ?"

ಮೊದಲನೇ ಬೆಳಿಗ್ಗೆಯೇ, ಆರು ಮುಕ್ಕಾಲಾಗಲು ಐದು ನಿಮಿಷ ಇರುವಾಗ, ಪೀಂ ಪೀಂ ಎಂದು ಕೂಗಿ ಇನ್ವರ್ಟರ್ ನಿಂತುಹೋಯಿತು. ಯಜಮಾನರು ಆಗಷ್ಟೇ ವಾಕಿಂಗ್ ಮುಗಿಸಿ, ಹಾಲು ತಂದಿಟ್ಟು, ಟೀ ಲೋಟ ಕೈಗೆ ತೆಗೆದುಕೊಂಡಿದ್ದರು. ಲೋಟ ಅಲ್ಲೇ ಉಳಿಯಿತು. ಬಿಸಿಲು ಏರಿ ಇನ್ವರ್ಟರ್ ಮತ್ತೆ ಎದ್ದಾಗ ಎಂಟು ಗಂಟೆ. ಅಷ್ಟರಲ್ಲಿ ಪೆಟ್ಟಿಗೆಯೊಳಗೆ ಮೂವತ್ತನಾಲ್ಕು ಡಿಗ್ರಿ.

ಮಾರನೆಯ ದಿನವೂ ಅದೇ ಹೊತ್ತಿಗೆ ಅದೇ ಕತೆ. ಮೂರನೆಯ ದಿನವೂ. ಸೊಸೆ ಕ್ಯಾಂಟೀನಿನಿಂದಲೇ ಫೋನಿನಲ್ಲಿ ಉಪಾಯ ಹೇಳಿದಳು. ಅಜ್ಜಿ ನೀರು ಕಾಯಿಸಿ, ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ ಮೊಟ್ಟೆಗಳ ನಡುವೆ ಇಡುವುದು, ಹತ್ತು ನಿಮಿಷಕ್ಕೊಮ್ಮೆ ಬದಲಿಸುವುದು. ಮಂಡಿ ನೋವಿನ ಹೆಂಗಸು ಒಲೆಗೂ ಉಗ್ರಾಣಕ್ಕೂ ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡಿದಳು.

"ಟಿವಿ ಬಂದ್" ಎಂದರು ಯಜಮಾನರು ಆ ಸಂಜೆ.

"ಟಿವಿ ಲೆಕ್ಕದಲ್ಲಿ ಇದೆಯಲ್ಲಪ್ಪ" ಎಂದ ಮಗ.

"ಇದ್ರೂ ಬಂದ್. ರೇಡಿಯೋನೂ ಬಂದ್."

ಬಂದ್ ಮಾಡಿದ ಮೇಲೆ ಇನ್ವರ್ಟರ್ ಏಳೂವರೆಯವರೆಗೆ ಎಳೆಯಿತು. ಯಜಮಾನರು ಯುದ್ಧ ಗೆದ್ದವರ ಹಾಗೆ ಮೀಸೆ ಸವರಿಕೊಂಡರು. ಏಳನೆಯ ದಿನ ಸಂಜೆ ಸೊಸೆ ಒಂದೊಂದೇ ಮೊಟ್ಟೆಯನ್ನು ಟಾರ್ಚಿನ ಮುಂದೆ ಹಿಡಿದು ನೋಡಿದಳು. ಐವತ್ತೊಂದರಲ್ಲಿ ಕೆಂಪು ನರಗಳು ಕಂಡವು, ಒಂಬತ್ತು ಖಾಲಿ. ಖಾಲಿಯವನ್ನು ತೆಗೆದಿಟ್ಟಳು. ಒಂದು ಮೊಟ್ಟೆಯಲ್ಲಿ ಸಾಸಿವೆ ಗಾತ್ರದ ಚುಕ್ಕೆ ಟಕ್ ಟಕ್ ಎಂದು ಮಿಡಿಯುತ್ತಿತ್ತು. "ಅಮ್ಮಾ, ಹಾರ್ಟು!" ಎಂದು ಮೊಮ್ಮಗಳು ಕಿರುಚಿದಳು. ಸೊಸೆಯ ಕಣ್ಣು ತುಂಬಿಬಂತು.

ಆಮೇಲೆ ಮೋಡ ಬಂತು. ಎರಡು ದಿನ ಬಿಸಿಲು ನೆಟ್ಟಗೆ ಬೀಳಲಿಲ್ಲ, ಬ್ಯಾಟರಿ ಪೂರ್ತಿ ತುಂಬಲಿಲ್ಲ. ಹತ್ತನೆಯ ಬೆಳಿಗ್ಗೆ ಆರಕ್ಕೇ ಎಲ್ಲ ನಿಂತುಹೋಯಿತು. ಅಜ್ಜಿಯ ಬಾಟಲಿಗಳು ಸಾಲದೆ ಪೆಟ್ಟಿಗೆ ಮೂವತ್ತೆರಡಕ್ಕೆ ಇಳಿಯಿತು. ಮಧ್ಯಾಹ್ನ ಬಂದ ಸೊಸೆ ಚಪ್ಪಲಿ ಕೂಡ ಬಿಡದೆ ಉಗ್ರಾಣಕ್ಕೆ ಹೋಗಿ, ಥರ್ಮಾಮೀಟರ್ ನೋಡಿ, ನಡುಮನೆಗೆ ಬಂದು ನಿಂತಳು.

"ಮಾವ, ನಾನು ಎರಡಲ್ಲ, ಮೂರು ಬ್ಯಾಟರಿ ತರೋಣ ಅಂದೆ. ನೀವು ಬೇಡ ಅಂದ್ರಿ."

"ಮಿಗುತ್ತೆ ಅಂತ ಲೆಕ್ಕ ತೋರಿಸಿದ್ನಲ್ಲಮ್ಮ."

"ಆ ಲೆಕ್ಕ ನಂಬಿಯೇ ಮೊಟ್ಟೆ ಇಟ್ಟೆ. ಲೆಕ್ಕ ಪುಸ್ತಕದಲ್ಲಿ ಸರಿ ಇದೆ, ಮೊಟ್ಟೆ ಇಲ್ಲಿ ತಣ್ಣಗೆ ಕೂತಿವೆ. ಇನ್ನೆರಡು ವಾರಕ್ಕೆ ನಾನು ರಾತ್ರಿ ಪಾಳಿಗೆ ಹೋಗ್ತೀನಿ, ನೀವು ಪುಸ್ತಕ ನೋಡ್ಕೊಂಡು ಕೂತಿರಿ."

ಆ ಮನೆಗೆ ಕಾಲಿಟ್ಟ ಇಪ್ಪತ್ತು ವರ್ಷದಲ್ಲಿ ಅವಳು ಮಾವನ ಎದುರು ದನಿ ಎತ್ತಿದ್ದು ಅದೇ ಮೊದಲು. ಹೇಳಿದ ಮರುಗಳಿಗೆಯೇ ಅವಳಿಗೆ ಹೇಳಬಾರದಿತ್ತು ಎನ್ನಿಸಿತು. ಯಜಮಾನರಿಗೆ ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ ಎನ್ನಿಸಿತು. ಇಬ್ಬರೂ ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ಊಟ ಬಿಟ್ಟ ಮನುಷ್ಯ ಹಟ ಬಿಡಲಿಲ್ಲ. ಬಲ್ಬು, ಫ್ಯಾನು, ಫೋನು ಎಲ್ಲವನ್ನೂ ಮೊದಲಿನಿಂದ ಕೂಡಿಸಿದರು. ಮೊಮ್ಮಗಳ ಕೈಯಲ್ಲಿ ಕೂಡಿಸಿ ನೋಡಿಸಿದರು. ಸಾವಿರದ ಇನ್ನೂರ ಎಪ್ಪತ್ತೆಂಟೇ. "ಲೆಕ್ಕ ತಪ್ಪಿಲ್ಲ ಅಂದ್ಮೇಲೆ ಯಾರೋ ಕದೀತಿದ್ದಾರೆ" ಎಂದು ತೀರ್ಮಾನಿಸಿ, ಮೋಡ ಸರಿದು ಬಿಸಿಲು ಬಂದ ಹನ್ನೆರಡನೆಯ ಬೆಳಿಗ್ಗೆಯಿಂದ ವಾಕಿಂಗ್ ಬಿಟ್ಟು, ಇನ್ವರ್ಟರಿನ ಎದುರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾವಲು ಕೂತರು.

ಅವತ್ತು ಇನ್ವರ್ಟರ್ ಕೂಗಲೇ ಇಲ್ಲ. ಎಂಟಾಯಿತು, ಬಿಸಿಲು ಬಂತು, ಪೆಟ್ಟಿಗೆಯಲ್ಲಿ ಮೂವತ್ತೇಳೂವರೆ. ಹದಿಮೂರನೆಯ ದಿನವೂ ಹಾಗೇ. ಹದಿನಾಲ್ಕನೆಯ ದಿನವೂ ಹಾಗೇ.

ಹದಿನೈದನೆಯ ದಿನ ಮತ್ತೆ ಭಾನುವಾರ. ಸೊಸೆಗೆ ರಜೆ, ಹಾಲು ಹಾಕಿ ಬಂದ ಮಗನೂ ಮನೆಯಲ್ಲಿದ್ದ. ಎಲ್ಲರೂ ತಿಂಡಿಗೆ ಕೂತಾಗ ಯಜಮಾನರು ಗಂಟಲು ಸರಿಮಾಡಿಕೊಂಡರು.

"ನಾನು ಮನೇಲಿದ್ರೆ ಕರೆಂಟು ಉಳಿಯುತ್ತೆ. ನಾನು ಹೊರಗೆ ಹೋದ್ರೆ ಖಾಲಿ. ಅಂದ್ರೆ ನಾನಿಲ್ಲದ ಆ ಒಂದು ಗಂಟೇಲಿ ಈ ಮನೇಲಿ ಏನೋ ನಡೀತಿದೆ." ಮೊಮ್ಮಗಳನ್ನು ನೋಡಿದರು. "ನಿನ್ನ ಹತ್ರ ಕೂದಲು ನೆಟ್ಟಗೆ ಮಾಡೋ ಮಿಷನ್ನು ಇದೆಯಲ್ಲ, ಅದನ್ನ ತಗೊಂಡು ಬಾ."

"ತಾತ! ಬೆಳಿಗ್ಗೆ ಐದೂವರೆಗಾ? ನಾನು ಎಂಟರವರೆಗೂ ಬದುಕಿದ್ದೀನೋ ಇಲ್ವೋ ಅಂತ ಅಜ್ಜಿ ಬಂದು ನೋಡ್ತಾಳೆ. ಇನ್ನು ಆ ಮಿಷನ್ನು ನನ್ನ ಫ್ರೆಂಡ್ ತಗೊಂಡು ಹೋಗಿ ಒಂದು ತಿಂಗಳಾಯ್ತು!"

"ಅವಳ ಸುದ್ದಿಗೆ ಹೋಗ್ಬೇಡಿ" ಎಂದಳು ಅಜ್ಜಿ ಒಲೆಯ ಹತ್ತಿರದಿಂದ. "ಮಗು ಮಲಗಿರುತ್ತೆ, ನಾನೇ ನೋಡ್ತೀನಲ್ಲ."

"ಹಾಗಾದ್ರೆ ದೆವ್ವ ಬಂದು ಹೋಗುತ್ತಾ? ಸರಿ, ಆ ಬ್ಯಾಟರಿ ಅಂಗಡಿಯಮ್ಮನ್ನೇ ಕರ್ಕೊಂಡು ಬರ್ತೀನಿ. ಎಲ್ಲಿ, ನನ್ನ ಶರ್ಟು ಕೊಡು."

ಒಲೆಯ ಕಡೆ ಸೌಟಿನ ಸದ್ದು ಜೋರಾಯಿತು.

"ಏನೇ, ಶರ್ಟು ಅಂದೆ. ಬೀರುವಿನಲ್ಲಿ ಒಂದೂ ಇಲ್ಲ. ಇಸ್ತ್ರಿಯವನು ಕೊಟ್ಟಿಲ್ವಾ?"

ಮೊಮ್ಮಗಳು ತಲೆಯೆತ್ತಿದಳು. "ಯಾವ ಇಸ್ತ್ರಿಯವನು ತಾತ?"

"ಅದೇ, ಹಳೇ ಮನೆ ಹಿಂದಿನ ಬೀದಿಯವನು. ನಿಮ್ಮಪ್ಪ ವ್ಯಾನಲ್ಲಿ ತಗೊಂಡು ಹೋಗಿ ಕೊಟ್ಟು ಬರ್ತಾನಲ್ಲ."

ಮಗ ಸೂರಿನಲ್ಲಿ ಏನೋ ಇದೆ ಎನ್ನುವ ಹಾಗೆ ಮೇಲೆ ನೋಡತೊಡಗಿದ.

"ಅವನು ಅಂಗಡಿ ಮುಚ್ಚಿ ಹನ್ನೊಂದು ವರ್ಷ ಆಯ್ತು ಕಣ್ರೀ" ಎಂದಳು ಅಜ್ಜಿ.

"ಮುಚ್ಚಿದನಾ! ಮತ್ತೆ ನನ್ನ ಶರ್ಟು?"

ಎಲ್ಲರೂ ಅಜ್ಜಿಯನ್ನು ನೋಡಿದರು. ಯಜಮಾನರು ಎಲ್ಲರನ್ನೂ ನೋಡಿ, ಕೊನೆಗೆ ತಾವೂ ಅಜ್ಜಿಯನ್ನು ನೋಡಿದರು. ಬೆಪ್ಪುತಕ್ಕಡಿ ಎನ್ನುತ್ತಾರಲ್ಲ, ಆ ಗಳಿಗೆಯಲ್ಲಿ ಅವರ ಮುಖ ಹಾಗಿತ್ತು.

"ನೀವು ಮೂರು ದಿನದಿಂದ ಮನೆ ಬಿಟ್ಟು ಅಲ್ಲಾಡಿಲ್ಲ. ನಾನು ಯಾವಾಗ ಇಸ್ತ್ರಿ ಹಾಕ್ಲಿ?" ಎಂದಳು ಅಜ್ಜಿ, ಕೊಂಚ ಸಿಟ್ಟಿನಲ್ಲೇ.

ಸೊಸೆಯ ಕೈ ತಟ್ಟೆಯಲ್ಲೇ ನಿಂತಿತು. "ಅತ್ತೆ, ನೀವು ಮಧ್ಯಾಹ್ನ ಅಲ್ವಾ ಇಸ್ತ್ರಿ ಹಾಕೋದು?"

"ಮಧ್ಯಾಹ್ನ ಇವರು ಇಲ್ಲೇ ಕೂತಿರ್ತಾರಲ್ಲಮ್ಮ. ರಿಟೈರ್ ಆದ್ಮೇಲೆ ಇವರು ಹೊರಗೆ ಹೋಗೋದೇ ಆ ಒಂದು ಗಂಟೆ. ಇವರು ವಾಕಿಂಗ್ ಹೊರಟ ಕೂಡಲೇ..." ಎನ್ನುತ್ತಿದ್ದವಳಿಗೆ ತಾನು ಹೇಳುತ್ತಿರುವುದು ತನಗೇ ಕೇಳಿಸಿತು. ಸೌಟು ಕೆಳಗಿಟ್ಟಳು. "ಇಪ್ಪತ್ತು ನಿಮಿಷ ಅಷ್ಟೇ ಹಾಕ್ತಿದ್ದೆ. ಆಮೇಲೆ ಸ್ವಿಚ್ ತೆಗೆದುಬಿಡ್ತಿದ್ದೆ. ಕರೆಂಟು ಹೋಗ್ತಿದ್ದದ್ದು ಅದಾಗಿ ಎಷ್ಟೋ ಹೊತ್ತಿಗೆ. ನಾನು ಅದಕ್ಕೂ ಇದಕ್ಕೂ..."

ಮೊಮ್ಮಗಳು ಹೋಗಿ ಅಕ್ಕಿ ಡಬ್ಬದ ಹಿಂದಿನಿಂದ ಇಸ್ತ್ರಿಪೆಟ್ಟಿಗೆ ತಂದಳು. ಹಿಡಿಯ ಕೆಳಗಿನ ಚೀಟಿಯನ್ನು ಯಜಮಾನರು ಕನ್ನಡಕ ಸರಿಸಿ ಓದಿದರು. ಸಾವಿರ ವ್ಯಾಟು. ಇಪ್ಪತ್ತು ನಿಮಿಷಕ್ಕೆ ಮುನ್ನೂರ ಮೂವತ್ತಮೂರು. ಮಿಗುತ್ತಿದ್ದದ್ದು ಇನ್ನೂರೈವತ್ತೆರಡು, ಎಂಬತ್ತೊಂದು ಸಾಲದು. ಬೆಳಗಿನ ಹೊತ್ತು ಪೆಟ್ಟಿಗೆಗೂ ಇನ್ವರ್ಟರಿಗೂ ಸೇರಿ ಗಂಟೆಗೆ ಅರವತ್ತು, ಎಂಬತ್ತೊಂದು ಸಾಲದೆ ಹೋದರೆ ಇನ್ವರ್ಟರ್ ಆರು ನಲವತ್ತಕ್ಕೆ ನಿಲ್ಲುತ್ತದೆ. ಲೆಕ್ಕ ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂಡಿಬಂತು. ಒಂದು ಕ್ಷಣ ಅವರಿಗೆ ಖುಷಿಯೇ ಆಯಿತು. ಆಮೇಲೆ ಹೆಂಡತಿಯ ಮುಖ ನೋಡಿದರು.

"ಹನ್ನೊಂದು ವರ್ಷ ನನಗೆ ಹೇಳಲಿಲ್ವಲ್ಲೇ?"

"ಹೇಳೋಣ ಅಂತಲೇ ಇದ್ದೆ. ಅವನು ಅಂಗಡಿ ಮುಚ್ಚಿದ ವಾರ ನಾನು ಹಾಕಿದ ಶರ್ಟು ತೊಟ್ಕೊಂಡು ಕನ್ನಡಿ ಮುಂದೆ ನಿಂತು, ‘ಅವನ ಕೈಲಿ ಏನೋ ಇದೆ ಕಣೇ, ಮನೇಲಿ ಹಾಕಿದ್ರೆ ಈ ಮಡಿಕೆ ಬರುತ್ತಾ’ ಅಂದ್ರಿ. ನನಗೆ ನಗು ತಡೆಯೋಕೆ ಆಗಲಿಲ್ಲ. ಆಮೇಲೂ ಆಗಾಗ ಹೊಗಳ್ತಾನೇ ಇದ್ರಿ. ಹೇಳಿಬಿಟ್ರೆ ಹೊಗಳೋದು ನಿಂತುಹೋಗುತ್ತೆ ಅಂತ ಸುಮ್ಮನಾದೆ. ನನ್ನ ಅಡುಗೇನ ಹೊಗಳಿದ್ದೀರಾ ಯಾವತ್ತಾದ್ರೂ? ಇಲ್ಲ. ಅದೊಂದೇ ಹೊಗಳಿಕೆ ಸಿಗ್ತಿದ್ದದ್ದು."

"ಮತ್ತೆ ವಾರ ವಾರ ಇಸ್ತ್ರಿಗೆ ಅಂತ ದುಡ್ಡು ಕೊಡ್ತಿದ್ನಲ್ಲ?"

"ತರಕಾರಿ ತಿಂದ್ರಲ್ಲ" ಎಂದಳು ಅಜ್ಜಿ. ಹೇಳಿ ಮುಗಿಸುವಷ್ಟರಲ್ಲಿ ಅಳು ಬಂತು. ಸೊಸೆಯ ಕೈ ಹಿಡಿದುಕೊಂಡಳು. "ನಿನ್ನ ಮೊಟ್ಟೆ ನಾನೇ ಹಾಳು ಮಾಡಿದೆನಾ ಮಗಳೇ? ಒಂದು ಕೈಲಿ ತಣ್ಣಗೆ ಮಾಡೋದು, ಇನ್ನೊಂದು ಕೈಲಿ ಬಿಸಿನೀರು ಇಡೋದು. ಎಂಥ ಪಾಪಿ ನಾನು!"

"ಅಯ್ಯೋ ಬಿಡಿ ಅತ್ತೆ. ನೀವು ಬಾಟಲಿ ಇಡದೇ ಇದ್ದಿದ್ರೆ ಇಷ್ಟು ಹೊತ್ತಿಗೆ ಒಂದೂ ಉಳೀತಿರಲಿಲ್ಲ" ಎನ್ನುತ್ತ ಸೊಸೆ ಅವಳ ಕಣ್ಣು ಒರೆಸಿದಳು.

ಯಜಮಾನರಿಗೆ ನಾಚಿಕೆಯಾಯಿತು, ಸಣ್ಣ ನಾಚಿಕೆಯಲ್ಲ. "ನೀನು ಏನು ಮಾಡಿದೆ?" ಎಂದರು ಹೆಂಡತಿಗೆ. "ಪುಸ್ತಕ ಹಿಡಿದವನು ನಾನು. ನೀನು ಹೇಳೋಕೆ ಬಂದಾಗ ಮಿಕ್ಸಿ ಅಂತ ಬಾಯಿ ಮುಚ್ಚಿಸಿದವನೂ ನಾನೇ. ಎಲ್ಲರ ಮೇಲೂ ಕಾವಲು ಕೂತೆ. ಕರೆಂಟು ತಿಂದದ್ದು ನನ್ನ ಶರ್ಟು." ಸೊಸೆಯ ಕಡೆ ತಿರುಗಿದರು. "ತಪ್ಪು ನಂದಮ್ಮ. ಹೊಟ್ಟೆಗೆ ಹಾಕ್ಕೋ." ಮೊಮ್ಮಗಳಿಗೂ ಏನೋ ಹೇಳಬೇಕಿತ್ತು. ಅವಳ ತಲೆಗೆ ಮೆಲ್ಲಗೆ ಮೊಟಕಿದರು.

ಅಂದು ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ, ಎಲ್ಲರ ಎದುರಿಗೇ, ಅವರೇ ಇಸ್ತ್ರಿ ಹಾಕಲು ನಿಂತರು. ಅಜ್ಜಿ ಕುರ್ಚಿಯಲ್ಲಿ ಕೂತು, "ನೀರು ಚಿಮುಕಿಸಿ, ಅಯ್ಯೋ ಅಲ್ಲಲ್ಲ, ಮೊದಲು ಕಾಲರು" ಎಂದು ನಿರ್ದೇಶನ ಕೊಟ್ಟಳು. ಕಾಲರು ಸುಟ್ಟಿತು. "ಆ ಮಡಿಕೆ ನಿನ್ನ ಕೈಗೇ ಬರೋದು" ಎಂದು ಒಪ್ಪಿಕೊಂಡು, ಮರಿ ಏಳುವವರೆಗೂ ಇಸ್ತ್ರಿಯೇ ಬೇಡ ಎಂದು ಸುಕ್ಕು ಶರ್ಟಿನಲ್ಲೇ ವಾಕಿಂಗ್ ಹೋದರು. ದಾರಿಯಲ್ಲಿ ಸಿಕ್ಕವರು ಹುಷಾರಿಲ್ಲವೇ ಎಂದು ಕೇಳಿದರು.

ಇಪ್ಪತ್ತೊಂದನೆಯ ದಿನ ಬಂತು. ಒಂದು ಮೊಟ್ಟೆಯೂ ಬಿರಿಯಲಿಲ್ಲ. ಸೊಸೆ ಕ್ಯಾಂಟೀನಿನಿಂದ ಮೂರು ಸಲ ಫೋನ್ ಮಾಡಿದಳು, ಮೂರು ಸಲವೂ ಅಜ್ಜಿ ಇನ್ನೂ ಇಲ್ಲ ಎಂದಳು. ಸೋಮವಾರ ಮ್ಯಾನೇಜರಿಗೆ ಉತ್ತರ ಹೇಳಬೇಕು. ಸಂಜೆಯವರೆಗೂ ಐವತ್ತೊಂದು ಮೊಟ್ಟೆಗಳು ಕಲ್ಲಿನ ಹಾಗೆ ಕೂತಿದ್ದವು. ಸೊಸೆ ರಾತ್ರಿ ಪಾಳಿಗೆಂದು ಸ್ವೆಟರ್ ಹುಡುಕಿ ತೆಗೆದಿಟ್ಟಳು. ಅದನ್ನು ನೋಡಿದ ಮಗ ಅಂಗಳಕ್ಕೆ ಹೋಗಿ ವ್ಯಾನು ತೊಳೆಯತೊಡಗಿದ.

"ತಣ್ಣಗಾಗಿ ತಣ್ಣಗಾಗಿ ಹಿಂದೆ ಬಿದ್ದಿರಬಹುದು" ಎಂದರು ಯಜಮಾನರು. "ಹತ್ತು ಹನ್ನೊಂದು ದಿನ, ದಿನಕ್ಕೆ ಗಂಟೆ, ಒಂದೂವರೆ ಗಂಟೆ. ಅಷ್ಟು ಅವಕ್ಕೆ ನಾವು ವಾಪಸು ಕೊಡಬೇಕಲ್ಲಮ್ಮ. ಒಂದು ದಿನ ನೋಡು."

ಭಾನುವಾರ ಬೆಳಗಾಗುವಾಗ ಉಗ್ರಾಣದಿಂದ ಚಿಂವ್ ಚಿಂವ್ ಕೇಳಿಸಿತು. ಮೊದಲು ಎದ್ದು ಓಡಿದ್ದು, ಎಂಟರವರೆಗೂ ಏಳದ ಮೊಮ್ಮಗಳು. ಹದಿನಾಲ್ಕು ಮರಿಗಳು ಹೊರಗಿದ್ದವು. ಹತ್ತು ಗಂಟೆಗೆ ಇಪ್ಪತ್ತೊಂಬತ್ತು. ಮುಚ್ಚಳ ತೆಗೆಯುವ ಹಾಗಿಲ್ಲ, ಗಾಜಿನಲ್ಲೇ ಎಣಿಸಬೇಕು, ಅವೋ ಒಂದರ ಮೇಲೊಂದು ಉರುಳುತ್ತವೆ. ಯಜಮಾನರು ಗಾಜಿಗೆ ಮೂಗು ಒತ್ತಿ, "ಏಯ್ ಕರಿಯ, ಒಂದು ಕಡೆ ನಿಲ್ಲೋ" ಎಂದು ಲಾರಿ ಡ್ರೈವರುಗಳನ್ನು ಗದರಿಸುವ ಹಾಗೆ ಗದರಿಸಿ ಎಣಿಸಿದರು. ಮಧ್ಯಾಹ್ನ ಒಂದಕ್ಕೆ ಮೂವತ್ತೊಂಬತ್ತು.

ಅಲ್ಲಿಗೆ ನಿಂತಿತು. ಎರಡಾಯಿತು, ಎರಡೂವರೆಯಾಯಿತು, ಮೂವತ್ತೊಂಬತ್ತೇ. ಉಳಿದ ಹನ್ನೆರಡರಲ್ಲಿ ಹನ್ನೊಂದಕ್ಕೆ ಜೀವದ ಸುಳಿವೇ ಇಲ್ಲ. ಒಂದರ ನೆತ್ತಿಯಲ್ಲಿ ಸಣ್ಣ ತೂತಾಗಿತ್ತು. ಒಳಗಿನಿಂದ ಆಗೊಮ್ಮೆ ಈಗೊಮ್ಮೆ ಕೊಕ್ಕು ಕುಟ್ಟುತ್ತಿತ್ತು, ಸುಸ್ತಾಗಿ ನಿಲ್ಲಿಸುತ್ತಿತ್ತು.

"ನಾವೇ ಬಿಡಿಸಿದ್ರೆ?" ಎಂದಳು ಮೊಮ್ಮಗಳು.

"ಕೈ ಹಾಕಿದ್ರೆ ರಕ್ತ ಬಂದು ಸಾಯುತ್ತೆ" ಎಂದಳು ಸೊಸೆ. "ಅದೇ ಬರಬೇಕು."

ಆಗಲೇ ಯಜಮಾನರ ಫೋನು ಹೊಡೆದುಕೊಂಡಿತು. ಕೋಳಿ ಆಹಾರದ ಅಂಗಡಿಯವನು. "ಸರ್, ನನ್ನ ಗಾಡಿ ಸಂಜೆ ಆ ಕಡೆಯಿಂದಲೇ ಹಾದು ಹೋಗುತ್ತೆ. ನಲವತ್ತು ಆಗಿದ್ರೆ ನಿಮ್ಮ ಮನೆಗೆ ತಿರುಗಿಸ್ತೀನಿ. ಇಲ್ಲ ಅಂದ್ರೆ ಬೇರೆ ಕಡೆ ಹೇಳಿಬಿಡ್ತೀನಿ. ನಿಮ್ಮ ಬಾಯಲ್ಲಿ ಸುಳ್ಳು ಲೆಕ್ಕ ಬರಲ್ಲ ಅಂತ ಊರಿಗೇ ಗೊತ್ತು. ಹೇಳಿ, ಎಷ್ಟಾಗಿದೆ?"

ಸೊಸೆ ತಲೆ ತಗ್ಗಿಸಿದಳು. ಮಾವನಿಗೆ ಮೂವತ್ತೊಂಬತ್ತನ್ನು ಮೂವತ್ತೊಂಬತ್ತು ಎನ್ನದೆ ಬೇರೆ ಗೊತ್ತಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಯಜಮಾನರು ಗಾಜಿನೊಳಗೆ ನೋಡಿದರು. ಆ ತೂತಿನಲ್ಲಿ ಕೊಕ್ಕಿನ ತುದಿ ಇನ್ನೊಮ್ಮೆ ಅಲ್ಲಾಡಿತು.

"ನಲವತ್ತು" ಎಂದರು. "ಗಾಡಿ ಕಳಿಸಿ."

ಫೋನು ಇಟ್ಟರು. "ಏನ್ರೀ ಇದು" ಎಂದಳು ಅಜ್ಜಿ, ಪಿಸುದನಿಯಲ್ಲಿ.

"ಮಾವ, ಅದು ಬರದೇ ಹೋದ್ರೆ?"

"ಬರದೇ ಹೋದ್ರೆ ಜೀವನದಲ್ಲಿ ಒಂದು ಸುಳ್ಳು ಚೀಟಿ ಕೊಟ್ಟ ಹಾಗಾಯ್ತು. ನಿನಗೋಸ್ಕರ ಕೊಟ್ಟೆ, ಆಗಲಿ ಬಿಡು" ಎಂದು ಯಜಮಾನರು ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತರು. ಸೊಸೆ ಅವರ ಪಕ್ಕದಲ್ಲೇ ಕುಸಿದು ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಅಜ್ಜಿ, ಮಗ, ಮೊಮ್ಮಗಳು ಎಲ್ಲರೂ ಅವರ ಹಿಂದೆ ಬಂದು ಒತ್ತಿಕೊಂಡು ಕೂತರು. ಟೀ ಬೇಕೆಂದು ಯಾರೂ ಕೇಳಲಿಲ್ಲ.

ಗೇಟಿನಲ್ಲಿ ಗಾಡಿಯ ಹಾರ್ನು ಕೇಳಿಸಿದಾಗ ನಲವತ್ತನೆಯದು ಸೊಸೆಯ ಅಂಗೈಯಲ್ಲಿತ್ತು, ಇನ್ನೂ ಒದ್ದೆ.